ಬೀಳಗಿಯ ದನಿ, ನಮ್ಮ ಮನೆಯ ಪೆಟ್ಟಿಗೆ

ಬನಹಟ್ಟಿಯ ನನ್ನ ತವರುಮನೆಯಲ್ಲಿ ಗ್ರಾಮೊಫೋನಿಗೆ ‘ಫೋನೋ’ ಎಂದೇ ಹೆಸರು. ಅಜ್ಜನ ಕಾಲದ್ದು. ನಾನು ಹುಟ್ಟುವ ಹೊತ್ತಿಗೆ ಅದು ಅಟ್ಟ ಸೇರಿತ್ತು. ಅದರ ಕತೆಯನ್ನೆಲ್ಲ ಹೇಳಿದವಳು ಅವ್ವ. ಕೀಲಿ ತಿರುವಿ ಹಚ್ಚುವ ಯಂತ್ರ, ಕರೆಂಟಿನ ಹಂಗಿಲ್ಲ. ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಮುಗಿದೊಡನೆ ಉಕ್ಕಿನ ಮುಳ್ಳು ಬದಲಿಸಬೇಕು, ಇಲ್ಲವಾದರೆ ಪ್ಲೇಟು ಸವೆಯುತ್ತದೆ. ಈ ಕೆಲಸವೆಲ್ಲ ಗಂಡಸರದ್ದು. ಫೋನೋ ಇದ್ದದ್ದು ಪಡಸಾಲೆಯಲ್ಲಿ. ಹೆಂಗಸರು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಬೇಕು.

ಪಡಸಾಲೆಯಲ್ಲಿ ಹಾಡುತ್ತಿದ್ದ ದನಿ ಮಾತ್ರ ಹೆಣ್ಣಿನದು. ಅದೂ ನಮ್ಮ ಸೀಮೆಯ ಹೆಣ್ಣಿನದು.

ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಇವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಇಟ್ಟುಕೊಂಡರು. ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಮಂಡಳಿಯಲ್ಲಿ ಪಾತ್ರ ಮಾಡಿದರು. (1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದ ಗೌಹರ್ ಜಾನ್ ಬೇರೆ, ಇವರು ಬೇರೆ. ಎಷ್ಟೋ ಜನ ಇಬ್ಬರನ್ನೂ ಒಂದೇ ಮಾಡುತ್ತಾರೆ.) ಅಮೀರಬಾಯಿ ಮುಂಬಯಿಗೆ ಹೋದರು, 1934ರ ‘ವಿಷ್ಣು ಭಕ್ತಿ’ಯಿಂದ ಸಿನೆಮಾ ಹಿಡಿದರು. 1943ರಲ್ಲಿ ಬಂದ ‘ಕಿಸ್ಮತ್’ ಅವರನ್ನು ಮನೆಮನೆಗೆ ಮುಟ್ಟಿಸಿತು. ಸಂಗೀತ ಅನಿಲ್ ಬಿಸ್ವಾಸರದ್ದು. ಕಲ್ಕತ್ತೆಯ ಒಂದೇ ಟಾಕೀಜಿನಲ್ಲಿ ಆ ಸಿನೆಮಾ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಮರುವರ್ಷ ನೌಷಾದರ ‘ರತನ್’ನಲ್ಲೂ ಅವರ ಹಾಡಿತ್ತು. 1965ರಲ್ಲಿ ತೀರಿಕೊಂಡರು. ಅವರ ಬಾಳಿನ ಪೂರ್ತಿ ಕತೆ ಬೇಕೆನ್ನುವವರು ರಹಮತ್ ತರೀಕೆರೆಯವರ ಪುಸ್ತಕ ಓದಬೇಕು.

ನನಗೆ ಹೇಳಬೇಕಾದದ್ದು ಬೇರೆ. ಆ ಕಾಲದಲ್ಲಿ ಹಾಡುವುದನ್ನೇ ಕಸುಬಾಗಿ ಮಾಡಿಕೊಂಡ ಹೆಂಗಸನ್ನು ಮರ್ಯಾದಸ್ಥರು ಎನಿಸಿಕೊಂಡವರು ತಮ್ಮ ಮನೆಯ ಹೆಂಗಸರ ನಡುವೆ ಕೂಡಿಸುತ್ತಿರಲಿಲ್ಲ. ಆದರೆ ಅವಳ ಪ್ಲೇಟಿಗೆ ಯಾರ ತಡೆಯೂ ಇರಲಿಲ್ಲ. ಬೀಳಗಿಯ ಅಮೀರಬಾಯಿ ನಮ್ಮ ಅಜ್ಜನ ಪಡಸಾಲೆಗೆ ಬಂದದ್ದು ಹೀಗೆ, ಅರಗಿನ ಮೇಲೆ ಕೊರೆದ ಗೆರೆಯಾಗಿ. ಅವ್ವ ಬಾಗಿಲ ಮರೆಯಲ್ಲೇ ಆ ಹಾಡುಗಳನ್ನು ಕಲಿತಳು. ಹಿಂದಿ ಬಾರದು, ಅರ್ಥ ತಿಳಿಯದು. ಧಾಟಿ ಮಾತ್ರ ಒಂದಿಷ್ಟೂ ತಪ್ಪುತ್ತಿರಲಿಲ್ಲ.

ಆಮೇಲೆ ರೇಡಿಯೋ ಬಂತು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಶುರುವಾಯಿತು. ಅದರ ಕಿವಿ ಹಿಂಡುವ ಅಧಿಕಾರವೂ ಬಹಳ ದಿನ ಗಂಡಸರ ಕೈಯಲ್ಲೇ ಇತ್ತು. ಹೆಂಗಸರ ಕೈಗೆ ನಿಜವಾಗಿ ಸಿಕ್ಕ ಯಂತ್ರವೆಂದರೆ ಕ್ಯಾಸೆಟ್ಟಿನದೇ ಎಂದು ನನ್ನ ಎಣಿಕೆ. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದಿತ್ತು. ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಅದು ಬಂದದ್ದು ಎಂಬತ್ತರ ದಶಕದಲ್ಲಿ. ಅಗ್ಗದ್ದು, ಗಟ್ಟಿಯದು. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲೊಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ನಮ್ಮ ದನಿಯೂ ಅದರೊಳಗೆ ಕೂಡುತ್ತಿತ್ತು. ಅಲ್ಲಿಯವರೆಗೆ ಯಂತ್ರ ಹಾಡುವುದು, ನಾವು ಕೇಳುವುದು ಅಷ್ಟೇ ಇತ್ತು. ನಾನು ಕಾಲೇಜಿನಲ್ಲಿದ್ದಾಗ ಅವ್ವನನ್ನು ಕೂಡಿಸಿ ಬೀಸುಕಲ್ಲಿನ ಪದ, ತೊಟ್ಟಿಲ ಪದ ಹಾಡಿಸಿ ಎರಡು ಕ್ಯಾಸೆಟ್ ತುಂಬಿಸಿದೆ. ಅವ್ವ ಈಗಿಲ್ಲ.

ಸಿ.ಡಿ. ಬಂದಾಗ ಆ ಕೆಂಪು ಗುಂಡಿ ಹೋಯಿತು. 1982ರ ಅಕ್ಟೋಬರಿನಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಿತು. ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದು ಅಂಕಿಗಳಾಗಿ ಬರೆದಿಟ್ಟ ತಟ್ಟೆ. ಮುಳ್ಳು ತಾಗುವುದಿಲ್ಲ, ಲೇಸರ್ ಕಿರಣ ಓದುತ್ತದೆ. ಕೇಳಿದರೆ ಸವೆಯುವುದಿಲ್ಲ. ಇಷ್ಟೆಲ್ಲ ಇದ್ದರೂ ಅದು ಮತ್ತೆ ಕೇಳುವವರ ಯಂತ್ರವೇ ಆಯಿತು.

ನಮ್ಮ ಮದುವೆಯ ವರ್ಷ ಹುಬ್ಬಳ್ಳಿಯಿಂದ ತಂದ ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರು, ಟೇಪ್ ಡೆಕ್ಕು ಜಮಖಂಡಿಯ ನಮ್ಮ ಮನೆಯಲ್ಲಿ ಇಂದಿಗೂ ಗಟ್ಟಿಯಾಗಿವೆ. ಅದಕ್ಕೆ ಆಮೇಲೆ ಜೋಡಿಸಿದ ಸಿ.ಡಿ. ಪ್ಲೇಯರಿನ ಕಣ್ಣು, ಅಂದರೆ ಲೇಸರಿನ ಭಾಗ, ಹೋಯಿತು. ಹೊಸದು ಕೇಳಿಕೊಂಡು ಹೋದರೆ ಅಂಗಡಿಯವ ನಕ್ಕ. “ಅಕ್ಕೋರ, ಈಗ ಸಿ.ಡಿ. ಯಾರು ಹಚ್ಚತಾರ್ರಿ? ಹಳೇದೆಲ್ಲಾ ಕೊಟ್ಟಬಿಡ್ರಿ, ಎಕ್ಸ್‌ಚೇಂಜ್ ಐತಿ. ಮೊಬೈಲಿನಿಂದ ಹಾಡೋ ಡಬ್ಬಿ ಕೊಡ್ತೀನಿ.” ಹಳೆಯದೆಲ್ಲ ಅಂದರೆ ಟೇಪ್ ಡೆಕ್ಕೂ ಬಂತಲ್ಲ! ಅದನ್ನು ಕೊಟ್ಟರೆ ಅವ್ವನನ್ನು ಯಾವುದರಲ್ಲಿ ಕೇಳಲಿ?

ಆ ಮೇಲೆ ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡದ್ದನ್ನು, ಮನೆಯಲ್ಲಿ ಹಳೆಯ ಪೆಟ್ಟಿಗೆ ಇಟ್ಟುಕೊಂಡಿರುವ ಅಕ್ಕತಂಗಿಯರಿಗಾಗಿ ಬರೆಯುತ್ತೇನೆ. ಆಂಪ್ಲಿಫೈಯರಿನ ಬೆನ್ನು ನೋಡಿ. ಅಲ್ಲಿ ‘ಫೋನೋ’ ಎಂದು ಬರೆದ ತೂತಿಗೆ ಸಿ.ಡಿ. ಪ್ಲೇಯರ್ ಸಿಕ್ಕಿಸಬಾರದು. ಅದು ಮುಳ್ಳಿನಿಂದ ಬರುವ ತೀರ ಸಣ್ಣ, ವೋಲ್ಟಿನ ಸಾವಿರದ ಕೆಲವೇ ಪಾಲಿನ ಸಂಜ್ಞೆಯನ್ನು ಬಹಳಪಟ್ಟು ಹಿಗ್ಗಿಸುವ ದಾರಿ. ಸಿ.ಡಿ. ಪ್ಲೇಯರ್ ಕೊಡುವುದು ಹೆಚ್ಚೆಂದರೆ ಎರಡು ವೋಲ್ಟು. ಅದನ್ನು ಅಲ್ಲಿ ಬಿಟ್ಟರೆ ಹಾಡು ಒಡೆದು ಕರ್ಕಶವಾಗುತ್ತದೆ. ‘ಆಕ್ಸ್’ ಇಲ್ಲವೆ ‘ಟೇಪ್’ ಎಂಬ ಕಡೆ ಸಿಕ್ಕಿಸಬೇಕು. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಐದು ಕಡ್ಡಿಯ ದುಂಡು ತೂತು ಇರುತ್ತದೆ. ಅದಕ್ಕೆ ಬೇರೆ ವೈರು ಸಾಕು, ಪೆಟ್ಟಿಗೆ ಬದಲಿಸುವ ಕಾರಣವಿಲ್ಲ. ಬರೀ ಸಿ.ಡಿ.ಯ ಪ್ಲೇಯರ್ ಸಿಗದಿದ್ದರೆ ಡಿ.ವಿ.ಡಿ. ಪ್ಲೇಯರೂ ಸಿ.ಡಿ. ಓದುತ್ತದೆ. ಆದರೆ ಮುಂದೆ ಅಂಕಿ ತೋರಿಸುವ ಗಾಜು ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಹಾಡು ಹುಡುಕಲು ಟಿ.ವಿ. ಹಚ್ಚಬೇಕಾಗುತ್ತದೆ. ಮನೆಯಲ್ಲಿ ಬರೆಸಿದ ತಟ್ಟೆಗಳನ್ನು ಕೆಲವು ಹಳೆಯ ಪ್ಲೇಯರುಗಳು ಓದುವುದೇ ಇಲ್ಲ. ಹಾಗಾಗಿ ಅಂಗಡಿಗೆ ನಿಮ್ಮದೇ ತಟ್ಟೆ ಒಯ್ದು, ಹಚ್ಚಿಸಿ ಕೇಳಿ.

ನಾನು ಒಯ್ದದ್ದು ಅಮೀರಬಾಯಿಯವರದು. ಹಳೆಯ ಹಾಡುಗಳ ಸಿ.ಡಿ.ಯಲ್ಲಿ ಪ್ಲೇಟಿನ ಕರಕರ ಸದ್ದನ್ನು ಅತಿಯಾಗಿ ತೊಳೆದುಬಿಡುತ್ತಾರೆ. ಕರಕರದ ಸಂಗಡ ಹಾಡುವವರ ಉಸಿರೂ ಹೋಗುತ್ತದೆ. ಹೊಸ ಡಬ್ಬಿಯಲ್ಲಿ ಅದು ತಗಡಿನ ದನಿಯಾಗಿ ಕೇಳಿಸಿತು. ಕಡೆಗೆ ಹುಡುಕಿಸಿ, ಒಬ್ಬರು ಬಳಸಿ ಬಿಟ್ಟಿದ್ದ ಬರೀ ಸಿ.ಡಿ.ಯ ಪ್ಲೇಯರನ್ನೇ ತಂದೆ. ನಮ್ಮವರು, “ಹೊಸಾದು ಬಿಟ್ಟು ಹಳೇದಕ್ಕ ರೊಕ್ಕ ಕೊಡ್ತಿಯಲ್ಲ” ಎಂದು ಗೊಣಗಿದರು. ಸಂಜೆ ಹಚ್ಚಿದಾಗ ಗೊಣಗಾಟ ನಿಂತಿತು.

ಟೇಪಿನ ಪಟ್ಟಿ ಎಂದಾದರೂ ಹರಿದೀತೆಂದು ಅವ್ವನ ಎರಡೂ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಬರೆಸಿದೆ. ಬರೆದುಕೊಟ್ಟ ಹುಡುಗ ಕಂಪ್ಯೂಟರಿನ ಮುಂದೆ ಕೂತು ಕೇಳಿದ: “ಅಕ್ಕೋರ, ಅಮ್ಮಾರ ಹಾಡಿನ ಹಿಂದ ಖಟಖಟ ಅಂತ ಒಂದ ಸಪ್ಪಳ ಐತ್ರಿ. ತಗದಬಿಡ್ಲೇನು?”

“ಬ್ಯಾಡಪ್ಪಾ,” ಎಂದೆ. “ಅದು ನಮ್ಮ ಕಾಕಾನ ಮಗ್ಗ.”