ಅತಿಕ್ರಿಯಾಶೀಲ ಮೂತ್ರಕೋಶ

ಅತಿಕ್ರಿಯಾಶೀಲ ಮೂತ್ರಕೋಶ ಎಂಬುದು ತಡೆದುಕೊಳ್ಳಲು ಕಷ್ಟವಾಗುವ ಮೂತ್ರದ ಅವಸರವು ಹಠಾತ್ತನೆ ಉಂಟಾಗುವ ಲಕ್ಷಣಸಮೂಹವಾಗಿದೆ. ವೈದ್ಯರು ಇದನ್ನು ಓವರ್‌ಆಕ್ಟಿವ್ ಬ್ಲ್ಯಾಡರ್ ಎನ್ನುತ್ತಾರೆ. ಇದಕ್ಕೆ 2002ರಲ್ಲಿ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿಯು ವ್ಯಾಖ್ಯೆ ನೀಡಿತು. ಪದೇ ಪದೇ ಮೂತ್ರಕ್ಕೆ ಹೋಗುವುದು, ಅದಕ್ಕಾಗಿ ರಾತ್ರಿ ಎಚ್ಚರಗೊಳ್ಳುವುದು ಇದರೊಂದಿಗೆ ಕಂಡುಬರುತ್ತವೆ. ಕೆಲವರಲ್ಲಿ ಶೌಚಾಲಯ ತಲುಪುವ ಮೊದಲೇ ಮೂತ್ರ ಸೋರುತ್ತದೆ. ವಯಸ್ಸಾದಂತೆ ಇದು ಹೆಚ್ಚಾಗುವುದಾದರೂ ಮುಪ್ಪಿನ ಅನಿವಾರ್ಯ ಫಲವಲ್ಲ, ಇದಕ್ಕೆ ಚಿಕಿತ್ಸೆಯಿದೆ.

ಕಾರಣ ಮತ್ತು ಪತ್ತೆ

ಮೂತ್ರಕೋಶವು ತುಂಬುವ ಮೊದಲೇ ಅದರ ಗೋಡೆಯ ಡಿಟ್ರುಸರ್ ಸ್ನಾಯು ಸಂಕುಚಿಸುವುದು ಇದರ ಸಾಮಾನ್ಯ ಕಾರಣ. ಮೂತ್ರದ ಸೋಂಕು, ಮಧುಮೇಹ, ಮೂತ್ರಕೋಶದ ಕಲ್ಲು ಹಾಗೂ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತವೂ ಇಂಥದೇ ಲಕ್ಷಣಗಳನ್ನು ತೋರುವುದರಿಂದ ಮೊದಲು ಮೂತ್ರಪರೀಕ್ಷೆ ನಡೆಸಲಾಗುತ್ತದೆ. ಕುಡಿದ ನೀರು ಮತ್ತು ಮೂತ್ರಕ್ಕೆ ಹೋದ ವೇಳೆಗಳನ್ನು ಮೂರು ದಿನ ಬರೆದಿಡುವುದು ವೈದ್ಯರಿಗೆ ನೆರವಾಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ತಪಾಸಣೆ ಮಾಡಿಸಬೇಕು.

ಚಿಕಿತ್ಸೆ

ಚಿಕಿತ್ಸೆಯು ಔಷಧಿಗಿಂತ ಮೊದಲು ಅಭ್ಯಾಸಗಳಿಂದ ಆರಂಭವಾಗುತ್ತದೆ. ಕಾಫಿ, ಚಹಾ ಮತ್ತು ಸಂಜೆಯ ನಂತರದ ಪಾನೀಯಗಳನ್ನು ಮಿತಗೊಳಿಸುವುದು, ಮಲಬದ್ಧತೆಯನ್ನು ನಿವಾರಿಸುವುದು, ಮೂತ್ರದ ಅವಸರ ಬಂದಾಗ ಹತ್ತು ಹದಿನೈದು ನಿಮಿಷ ತಡೆದು ಕ್ರಮೇಣ ಅಂತರವನ್ನು ಹೆಚ್ಚಿಸುವುದು ಇವುಗಳಲ್ಲಿ ಮುಖ್ಯವಾದವು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ಶ್ರೋಣಿಸ್ನಾಯುಗಳ ವ್ಯಾಯಾಮವು ಅವಸರವನ್ನು ಹತ್ತಿಕ್ಕಲು ನೆರವಾಗುತ್ತದೆ. ಇದರ ಫಲ ಕಾಣಲು ಹಲವು ವಾರಗಳು ಬೇಕಾಗುತ್ತವೆ.

ಇವು ಸಾಲದಿದ್ದರೆ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸೋಲಿಫೆನಾಸಿನ್ ಮುಂತಾದ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಇವುಗಳಿಂದ ಬಾಯಿ ಒಣಗುವುದು, ಮಲಬದ್ಧತೆ ಮತ್ತು ವಯಸ್ಸಾದವರಲ್ಲಿ ಗೊಂದಲ ಉಂಟಾಗಬಹುದು. ಮಿರಾಬೆಗ್ರಾನ್ ಔಷಧಿಯಲ್ಲಿ ಈ ತೊಂದರೆಗಳು ಕಡಿಮೆ. ಆದರೆ ಹತೋಟಿಯಲ್ಲಿಲ್ಲದ ತೀವ್ರ ರಕ್ತದೊತ್ತಡ ಇರುವವರಿಗೆ ಅದು ಸಲ್ಲದು. ಔಷಧಿಗೂ ಬಗ್ಗದಿದ್ದಲ್ಲಿ ಮೂತ್ರಕೋಶಕ್ಕೆ ಬೊಟುಲಿನಮ್ ಚುಚ್ಚುಮದ್ದು ಅಥವಾ ನರಗಳ ವಿದ್ಯುತ್ ಪ್ರಚೋದನೆ ನೀಡಲಾಗುತ್ತದೆ.

ಗ್ರಾಮೀಣ ಸಂದರ್ಭ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳು ಹೊಗೆಸೊಪ್ಪು ಬೆಳೆಯುವ ಪ್ರದೇಶಗಳಾಗಿವೆ. ಹೊಲದಲ್ಲಿ ಶೌಚಾಲಯವಿಲ್ಲದ ಕಡೆ ಕೂಲಿ ಹೆಂಗಸರು ಹಗಲೆಲ್ಲ ನೀರು ಕುಡಿಯದೆ ಇರುವುದುಂಟು. ಇದು ಪರಿಹಾರವಲ್ಲ: ಗಾಢವಾದ ಮೂತ್ರವು ಮೂತ್ರಕೋಶವನ್ನು ಕೆರಳಿಸುವುದಲ್ಲದೆ ಸೋಂಕು ಮತ್ತು ಕಲ್ಲಿನ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಬೀಡಿ, ಸಿಗರೇಟಿನ ಸೇವನೆಯು ಮೂತ್ರಕೋಶದ ಕ್ಯಾನ್ಸರಿಗೆ ಪ್ರಮುಖ ಕಾರಣಗಳಲ್ಲಿ ಒಂದು. ಮೂತ್ರಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮಾಡಿಸಬಹುದು. ಅಗತ್ಯವಿದ್ದವರು ಅಲ್ಲಿಂದ ಮೈಸೂರಿನ ಮೂತ್ರರೋಗ ತಜ್ಞರನ್ನು ಕಾಣಬಹುದು. ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವುದೇ ಈ ತೊಂದರೆಯ ಚಿಕಿತ್ಸೆಗೆ ದೊಡ್ಡ ಅಡ್ಡಿಯಾಗಿದೆ.