ಜನವರಿ 26: ಒಂದೇ ದಿನದ ಮೂರು ಸ್ಮರಣೆಗಳು

ಕಿತ್ತೂರಿನ ರಾಣಿ ಚೆನ್ನಮ್ಮನವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದರು. ಅವರ ದತ್ತುಪುತ್ರನನ್ನು ಗಾದಿಗೇರಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ಆಂಗ್ಲರು 1831ರ ಜನವರಿ 26ರಂದು ನಂದಗಡದ ಆಲದ ಮರಕ್ಕೆ ನೇಣು ಹಾಕಿದರು.

ತೊಂಬತ್ತೊಂಬತ್ತು ವರ್ಷಗಳ ತರುವಾಯ, 1930ರ ಅದೇ ದಿನ, ಲಾಹೋರ್ ಕಾಂಗ್ರೆಸ್ ಅಧಿವೇಶನದ ನಿರ್ಣಯದಂತೆ ದೇಶದಾದ್ಯಂತ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮೊಳಗಿತು. ಆ ಪ್ರತಿಜ್ಞೆಯ ಗೌರವಾರ್ಥವಾಗಿಯೇ, 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನವು 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದಿತು.

ಹೀಗೆ ಕೊನೆಯ ಎರಡು ಘಟನೆಗಳು ಕೂಡಿದ್ದು ಸಂಕಲ್ಪದಿಂದ. ರಾಯಣ್ಣನ ಬಲಿದಾನ ಕೂಡಿದ್ದು ಕಾಕತಾಳೀಯವಾಗಿ. ಅವನು ಪ್ರಾಣ ತೆತ್ತದ್ದು ಒಂದು ಗಾದಿಯ ಉಳಿವಿಗಾಗಿ. ಗಣರಾಜ್ಯದಲ್ಲಿ ಗಾದಿಯೇ ಇಲ್ಲ, ಪ್ರಜೆಗಳೇ ಒಡೆಯರು. ಈ ಅಂತರವನ್ನು ಅರಿತೇ, ಧ್ವಜಕ್ಕೆ ವಂದಿಸುವ ಸದ್ಭಕ್ತರು ನಂದಗಡದ ಆ ಮರವನ್ನೂ ನೆನೆಯುವುದು ಯೋಗ್ಯ.