ಅಪ್ಪಯ್ಯನ ಕಾರಿನ ಎಮಿಷನ್ ಚೀಟಿ

ಮೊನ್ನೆ ನಮ್ಮನಿ ಹಳೇ ಕಾರಿನ ಡ್ಯಾಶ್‌ಬೋರ್ಡ್ ಖಾನೆ ಖಾಲಿ ಮಾಡುಕೆ ಕೂತಿದ್ದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಎಮಿಷನ್ ಚೀಟಿ ಒಂದ್ ಕಟ್ಟ್ ಸಿಕ್ತ್. ಅಪ್ಪಯ್ಯ ಕಾಗದ ಬಿಸಾಡುವ ಜನವೇ ಅಲ್ಲ. ಕರೆಂಟ್ ಬಿಲ್ಲೂ ಹಾಂಗೆ, ಇದೂ ಹಾಂಗೆ. ಆರಾರ್ ತಿಂಗ್ಳಿಗೊಂದ್ ಚೀಟಿ, ಕೆಲವು ಮಳಿಗ್ ನೆನ್ದ್ ಅಕ್ಷರ ಅಳಿಸಿ ಹೋಯಿತ್. "ಒಲಿಗ್ ಹಾಕ್ ಮಾಣಿ" ಅಂದ್ರ್ ಅಮ್ಮ. ನಂಗ್ ಮನ್ಸ್ ಬರ್ಲಿಲ್ಲ. ವರ್ಷದ ಪ್ರಕಾರ ಜೋಡಿಸಿ ಕಂಡ್ರೆ, ಪೆಟ್ರೋಲ್ ಹೊಗಿಯ ಚರಿತ್ರೆಯೇ ಅದ್ರಗೆ ಇತ್ತ್.

ನಮ್ಮ ಕಾರು 1993ರ ಮಾರುತಿ 800. ಮೊದಲ ಮಾರುತಿ ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ನಮ್ದು ಅದಾಗಿ ಹತ್ತು ವರ್ಷದ ಮೇಲಿನದ್ದ್. ಮೂರು ಸಿಲಿಂಡರ್, 796 ಸಿ.ಸಿ., ಕಾರ್ಬುರೇಟರಿನ ಕಾಲದ್ದು. ಕಾರ್ಬುರೇಟರ್ ಅಂದ್ರೆ ಅಡುಗಿಯವ್ರ ಕೈ ಇದ್ದಂಗೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೆರೆತರೆ ಸರೀ ಉರಿತ್ತ್. ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕರು 'ರಿಚ್' ಅಂಬ್ರ್: ಪ್ಲಗ್ ಮಸಿಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಕಡಿಮೆಯಾದರೆ 'ಲೀನ್': ಪ್ಲಗ್ ಬೆಳ್ಳಗೆ, ಇಂಜಿನ್ ಬಿಸಿ, ತೀರಾ ಕಡಿಮೆಯಾದರೆ ಒಂದೊಂದು ಸಲ ಉರಿಯುವುದೇ ಇಲ್ಲ. ಆಗ ಉರಿಯದ ಪೆಟ್ರೋಲ್ ಹೈಡ್ರೋಕಾರ್ಬನ್ ಆಗಿ ಹಿಂದಿನಿಂದ ಹೊರಗೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3 ದಾಟಬಾರದು ಅಂತ ಹೇಳಿತು. ಅಪ್ಪಯ್ಯನ ಹಳೇ ಚೀಟಿಗಳಲ್ಲಿ ಆ ಒಂದೇ ಅಂಕಿ. 2004ರ ಅಕ್ಟೋಬರಿನಿಂದ ಎರಡನೇದು ಸೇರಿತು: ನಮ್ಮಂಥ ಹಳೇ ಕಾರಿಗೆ ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗೆ.

ಸೀಸದ ಕತಿ ಚೀಟಿಯಲ್ಲಿ ಇಲ್ಲ, ಆದ್ರೆ ಅದೇ ದೊಡ್ಡ ಕತಿ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೆ, ಇಂಜಿನ್ ನಾಕಿಂಗ್ ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡ. ವಿಷ ಅಂತ ಗೊತ್ತಿದ್ದೂ ಜಗತ್ತು ನೂರು ವರ್ಷ ಅದನ್ನು ಸುಟ್ಟಿತು. ಕೊನೆಗೆ ಅಲ್ಜೀರಿಯಾ ಬಿಟ್ಟದ್ದು 2021ರಲ್ಲಿ. ನಮ್ಮಲ್ಲಿ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯ ಬೆನ್ನಿಗೆ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೀಸವಿಲ್ಲದ ಪೆಟ್ರೋಲ್ ಬಂತು. ಬಿಜೂರಿನವರಿಗೆ ಅದು ಸಿಕ್ಕಿದ್ದು 2000ದ ಫೆಬ್ರವರಿಯಲ್ಲಿ, ದೇಶಕ್ಕೆಲ್ಲ ಆದಾಗ. "ಸೀಸ ಹೋದ್ರೆ ವಾಲ್ವ್ ಸೀಟ್ ತೇಯ್ತ್" ಅಂತ ಅಪ್ಪಯ್ಯ ಆರು ತಿಂಗ್ಳ್ ಹೆದ್ರಿಕಂಡೇ ಇದ್ರ್. ಎಂತದೂ ಆಯ್ಲಿಲ್ಲ.

ಆದದ್ದು 2008ರಲ್ಲಿ. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ಹೊತ್ತು. ಪರೀಕ್ಷೆಯಲ್ಲಿ ಬಂದದ್ದು ಶೇ. 5.8. ಹೆದ್ದಾರಿ ಬದಿಯ ಒಂದು ಗ್ಯಾರೇಜಿನವ್ರ್ ಬಾನೆಟ್ ಎತ್ತಿ, ಮಿಕ್ಸ್ಚರ್ ಸ್ಕ್ರೂ ಒಳಗೆ ತಿರುಗಿಸಿ, ಐದೇ ನಿಮಿಷದಲ್ಲಿ 0.9ಕ್ಕೆ ಇಳಿಸಿದ್ರ್. ಹೈಡ್ರೋಕಾರ್ಬನ್ ಮಾತ್ರ 1300. ಪಾಸ್! ಅಪ್ಪಯ್ಯಂಗೆ ಖುಷಿಯೋ ಖುಷಿ.

ಎರಡು ವಾರ ಕಳ್ದ್, ಆಷಾಢದ ಒಂದು ರಾತ್ರಿ ಅಜ್ಜಿಗೆ ಉಬ್ಬಸ ಜೋರಾಯ್ತ್. ಕುಂದಾಪುರಕ್ಕೆ ಹೊರಟೆವು. ನಾವುಂದ, ಮರವಂತೆ ದಾಟಿ ತ್ರಾಸಿಯಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ನಿಧಾನ ಮಾಡಿದ್ದೇ, ಇಂಜಿನ್ ನಿಂತಿತು. ಮತ್ತೆ ಹಿಡಿಯಲಿಲ್ಲ. ಪೆಟ್ರೋಲ್ ವಾಸನೆ ಮೂಗಿಗೆ ಹೊಡಿತಿತ್ತ್. ಅಜ್ಜಿಯನ್ನು ಒಬ್ಬ ರಿಕ್ಷಾದವರು ಮುಟ್ಟಿಸಿದರು. ನಾನೂ ಅಪ್ಪಯ್ಯನೂ ಮಳೆಯಲ್ಲಿ ಕಾರು ನೂಕಿ ರಸ್ತೆ ಬದಿಗಿಟ್ಟೆವು. ಅಪ್ಪಯ್ಯ ಒಂದ್ ಮಾತೂ ಆಡ್ಲಿಲ್ಲ.

ಮರುದಿನ ಬಂದವರು ಅಂಬಾಸಿಡರ್ ಕಾಲದ ಹಳೇ ಮೆಕ್ಯಾನಿಕ್. ಅವ್ರ್ ಸ್ಕ್ರೂ ಮುಟ್ಟಲೇ ಇಲ್ಲ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಅಪ್ಪಯ್ಯಂಗೆ ಚೋಕ್ ನಾಬ್ ಎಳ್ದ್ ಒತ್ತುಕೆ ಹೇಳಿದ್ರ್. "ಹ್ವಾಯ್, ಕಾಣಿ ಇಲ್ಲ್! ನಾಬ್ ಒಳಗ್ ಹೋಯ್ತ್, ಚೋಕ್ ತಗಡ್ ಮಾತ್ರ ಅಡ್ಡವೇ ಇತ್ತಲೇ." ಉಪ್ಪು ಗಾಳಿಗೆ ಕೇಬಲ್ ತಂತಿ ತುಕ್ಕು ಹಿಡಿದು, ಒತ್ತಿದರೆ ಬಾಗುತ್ತಿತ್ತೇ ಹೊರತು ಚೋಕ್ ಪೂರ್ತಿ ತೆರೆಯುತ್ತಿರಲಿಲ್ಲ. ಗಾಳಿ ದಾರಿ ಅರೆ ಮುಚ್ಚಿದರೆ ಪೆಟ್ರೋಲ್ ಹೆಚ್ಚು ಎಳೆಯುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚು. ಪರೀಕ್ಷೆ ಮಾಡುವುದು ಐಡಲ್‌ನಲ್ಲಿ. ಸ್ಕ್ರೂ ತಿರುಗಿಸಿದ್ದು ಐಡಲ್ ಒಂದನ್ನೇ ಬಡವಾಗಿಸಿತ್ತು, ಓಡುವಾಗಿನ ರಿಚ್ ಹಾಗೇ ಇತ್ತು. ಮಸಿ ಹಿಡಿದ ಪ್ಲಗ್, ಮೇಲಿಂದ ಸಾಯುವ ಐಡಲ್. ತ್ರಾಸಿಯಲ್ಲಿ ನಿಲ್ಲದೆ ಇನ್ನೆಂತ ಆತ್ತ್?

ಹೊಸ ಕೇಬಲ್, ಹೊಸ ಫಿಲ್ಟರ್ (ನಮ್ಮ ಕೆಂಪು ಧೂಳಿಗೆ ಹಳೆಯದು ಮುರಕಲ್ಲಿನಂತಾಗಿತ್ತು), ಹೊಸ ಪ್ಲಗ್. ಇಂಜಿನ್ ಬಿಸಿಯಾದ ಮೇಲೆ ಕಟ್ಟಕಡೆಗೆ ಸ್ಕ್ರೂ. ಆ ವಾರದ ಚೀಟಿಯಲ್ಲಿ 1.8, ಹೈಡ್ರೋಕಾರ್ಬನ್ 600ರ ಹತ್ರ. ಲೀಟರಿಗೆ ಹನ್ನೊಂದು ಕಿಲೋಮೀಟರ್ ಇದ್ದದ್ದು ಹದಿನಾರಾಯಿತು. ಅಜ್ಜಿಯೂ ಹುಷಾರಾಗಿ ಮನೆಗೆ ಬಂದರು, ಅದೇ ಕಾರಲ್ಲಿ.

ಈಗಿನ ತಲೆಬಿಸಿ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥೆನಾಲಿಗೆ ಬೇಕಾದ ಗಾಳಿ ಸುಮಾರು ಒಂಬತ್ತು ಪಾಲು ಮಾತ್ರ. ಹೊಸ ಕಾರಿನ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ನಮ್ಮ ಕಾರ್ಬುರೇಟರಿನ ಜೆಟ್ಟಿಗೆ ಎಂತ ಗೊತ್ತಾತ್ತ್? ಮೊದಲಿನಷ್ಟೇ ಬಿಡುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ಪೆಟ್ರೋಲ್ ಪೈಪ್ ಆಗಲೇ ಬದಲಿಸಿ ಆಯ್ತ್. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡುದಿಲ್ಲ.

ಕಡೆಯ ಚೀಟಿಯಲ್ಲಿ 0.7 ಅಂತಿತ್ತ್. ಅಪ್ಪಯ್ಯ ಅದನ್ನು ಕಂಡು ನಗಾಡ್ಲಿಲ್ಲ. "ಕಮ್ಮಿ ಆದದ್ದ್ ಹ್ಯಾಂಗೆ ಅಂತ ಮೊದ್ಲ್ ಕಾಣ್" ಅಂದ್ರ್. ಬಪ್ಪು ಆಯ್ತಾರ ಪ್ಲಗ್ ಬಿಚ್ಚಿ ಬಣ್ಣ ಕಾಂಬುದಿತ್ತ್.